ಟಿವಿಯಲ್ಲಿ ಮಕ್ಕಳಿದ್ದಾರೆ, ಮಕ್ಕಳಿಗಾಗಿ ಏನಿದೆ? ಕನ್ನಡ ಚಾನೆಲ್‌ಗಳಿಗೆ ತಾಯಿಯೊಬ್ಬಳ ಬಹಿರಂಗ ಪತ್ರ

ಕನ್ನಡ ಮನರಂಜನಾ ಚಾನೆಲ್‌ಗಳ ಮುಖ್ಯಸ್ಥರಿಗೆ ಹಾಗೂ ದೂರದರ್ಶನ ಚಂದನದ ಅಧಿಕಾರಿಗಳಿಗೆ,

ಮಾನ್ಯರೇ,

ನಮಸ್ಕಾರ. ನಾನು ದಾವಣಗೆರೆಯವಳು. ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು. ಇಬ್ಬರೂ ಟಿವಿ ನೋಡುತ್ತಾರೆ. ಮನೆಯಲ್ಲಿ ಟಿವಿಯೇ ಬೇಡ ಎನ್ನುವವಳು ನಾನಲ್ಲ. ನಾನೂ ಟಿವಿ ನೋಡಿಯೇ ಬೆಳೆದವಳು. ನಮ್ಮ ಅತ್ತೆಯವರು ನಿಮ್ಮ ಧಾರಾವಾಹಿಗಳನ್ನು ದಿನಾ ತಪ್ಪದೆ ನೋಡುತ್ತಾರೆ. ಅವರ ಪಕ್ಕ ಕೂತು ಬಟ್ಟೆ ಮಡಚುತ್ತಾ ನಾನೂ ನೋಡುತ್ತೇನೆ. ಹಾಗಾಗಿ ನಿಮ್ಮ ಕೆಲಸ ನೋಡದೇ ಇದ್ದವರು ಬರೆದ ಪತ್ರ ಇದಲ್ಲ.

ಹೇಳಬೇಕಾಗಿರುವುದು ಒಂದೇ ವಿಷಯ. ಕನ್ನಡ ಟಿವಿಯಲ್ಲಿ ಎಲ್ಲಿ ನೋಡಿದರೂ ಮಕ್ಕಳಿದ್ದಾರೆ. ಹಾಡುತ್ತಾರೆ, ಕುಣಿಯುತ್ತಾರೆ, ಕಾಮಿಡಿ ಮಾಡುತ್ತಾರೆ, ಧಾರಾವಾಹಿಗಳಲ್ಲಿ ತಾಯಿಯಿಂದ ದೂರವಾಗಿ ಅಳುತ್ತಾರೆ. ಆದರೆ ಮಕ್ಕಳು ಕೂತು ನೋಡಲಿ ಎಂದೇ ಮಾಡಿದ ಕನ್ನಡದ ಕಾರ್ಯಕ್ರಮ ಹುಡುಕಿದರೂ ಸಿಗುವುದು ಕಷ್ಟ. ದೊಡ್ಡವರನ್ನು ನಗಿಸಲು, ಅಳಿಸಲು ನಿಮಗೆ ಮಕ್ಕಳು ಬೇಕು. ಆ ಮಕ್ಕಳಿಗೆ ಏನು ಬೇಕು ಎಂದು ಯೋಚಿಸಿದ ಹಾಗೆ ಮಾತ್ರ ಕಾಣುವುದಿಲ್ಲ.

ನಮ್ಮದು ಒಂದೇ ಟಿವಿ ಇರುವ ಮನೆ. ನಮ್ಮ ಬೀದಿಯಲ್ಲಿ ಹೆಚ್ಚಿನವರದ್ದೂ ಹಾಗೇ. ಮಕ್ಕಳು ಸ್ಕೂಲಿಂದ ಬಂದು, ಕೈಕಾಲು ತೊಳೆದು, ಮಂಡಕ್ಕಿ ತಟ್ಟೆ ಹಿಡಿದು ಕೂರುವ ಹೊತ್ತಿಗೆ ಅತ್ತೆಯವರ ಧಾರಾವಾಹಿ ಶುರುವಾಗಿರುತ್ತದೆ. ಅದನ್ನು ಬೇಡ ಎನ್ನಲು ನನಗೆ ಮನಸ್ಸಿಲ್ಲ. ಬೆಳಗಿನಿಂದ ದುಡಿದವರಿಗೆ ಅದೊಂದೇ ಬಿಡುವು. ಆದರೆ ಅವರ ಜೊತೆ ಮಕ್ಕಳೂ ನೋಡುತ್ತಾರೆ. ಅನ್ನಕ್ಕೆ ವಿಷ ಹಾಕುವುದು, ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲುವುದು, ಬಸುರಿಯನ್ನು ತಳ್ಳುವುದು, ಎಲ್ಲವನ್ನೂ ನೋಡುತ್ತಾರೆ. ಮೊನ್ನೆ ಮಗಳು ಪಕ್ಕದ ಮನೆ ಹುಡುಗಿಯರ ಜೊತೆ ಮನೆಯಾಟ ಆಡುತ್ತಿದ್ದಳು. ಮೊದಲೆಲ್ಲ ಆ ಆಟದಲ್ಲಿ ಅಡುಗೆ ಇರುತ್ತಿತ್ತು, ಗೊಂಬೆಗೆ ಜ್ವರ ಬರುತ್ತಿತ್ತು, ಡಾಕ್ಟರು ಬರುತ್ತಿದ್ದರು. ಈಗ ಒಬ್ಬಳು ಸೆರಗು ಸುತ್ತಿಕೊಂಡು, ಹುಬ್ಬು ಏರಿಸಿ, "ಈ ಆಸ್ತಿ ನಿನ್ನ ಹೆಸರಿಗೆ ಆಗೋಕೆ ನಾನು ಬಿಡಲ್ಲ" ಅನ್ನುತ್ತಾಳೆ. ಇನ್ನೊಬ್ಬಳು ಮುಖ ಮುಚ್ಚಿಕೊಂಡು ಬಿಕ್ಕುತ್ತಾಳೆ. ಹಿನ್ನೆಲೆ ಸಂಗೀತವನ್ನೂ ಅವರೇ ಬಾಯಲ್ಲಿ ಹಾಕುತ್ತಾರೆ. ನೋಡಿದ್ದನ್ನೇ ಮಕ್ಕಳು ಆಡುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ಆಡಲು ಬೇರೆ ಏನನ್ನು ಅವರಿಗೆ ಕೊಟ್ಟಿದ್ದೀವಿ ಅನ್ನುವುದೇ ನನ್ನ ಪ್ರಶ್ನೆ.

ಈಗ ಮಕ್ಕಳ ರಿಯಾಲಿಟಿ ಶೋಗಳ ವಿಷಯಕ್ಕೆ ಬರುತ್ತೇನೆ. ಇವು ಮಕ್ಕಳಿಗೆ ಅವಕಾಶ ಕೊಡುತ್ತವೆ ಎನ್ನುತ್ತೀರಿ. ಒಪ್ಪುತ್ತೇನೆ. ಹಳ್ಳಿಯ ಮಗುವೊಂದು ಆ ವೇದಿಕೆ ಮೇಲೆ ನಿಂತು ಶ್ರುತಿ ತಪ್ಪದೆ ಹಾಡಿದಾಗ ನಮ್ಮ ಇಡೀ ಮನೆ ಚಪ್ಪಾಳೆ ಹೊಡೆದಿದೆ. ಆದರೆ ಏಳು ವರ್ಷದ ಮಗುವಿನ ಬಾಯಲ್ಲಿ ಹೆಂಡತಿಯ ಕಾಟ ತಡೆಯದ ಗಂಡನ ಮಾತು ಯಾಕೆ? ಪುಟ್ಟ ಹುಡುಗನಿಗೆ ಸೀರೆ ಉಡಿಸಿ, ಸೊಂಟ ತಿರುಗಿಸಿ, ದೊಡ್ಡವರ ಡಬಲ್ ಮೀನಿಂಗ್ ಹೇಳಿಸುವುದು ಯಾಕೆ? ಆ ಮಾತಿನ ಅರ್ಥ ಆ ಮಗುವಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲ ಅನ್ನುವುದಕ್ಕೇ ದೊಡ್ಡವರಿಗೆ ನಗು ಬರುವುದು. ಕ್ಯಾಮೆರಾ ಕೂಡಲೇ ಜಡ್ಜ್‌ಗಳ ಕಡೆ ತಿರುಗುತ್ತದೆ, ಅವರು ಹೊಟ್ಟೆ ಹಿಡಿದು ನಗುತ್ತಿರುತ್ತಾರೆ. ಎಲಿಮಿನೇಶನ್ ದಿನವಂತೂ ಮಗುವಿನ ತುಟಿ ನಡುಗುವುದನ್ನು ನಿಧಾನಗತಿಯಲ್ಲಿ ತೋರಿಸುತ್ತೀರಿ. ಅದಕ್ಕೊಂದು ಪಿಟೀಲು. ಆಮೇಲೆ ಆ ತಾಯಿಯ ಮುಖ.

ಇಂಥ ಒಂದು ಶೋನ ಆಡಿಷನ್‌ಗೆ ನಾನೇ ಹೋಗಿದ್ದೆ. ತಂಗಿಯ ಮಗಳಿಗೆ ಎಂಟು ವರ್ಷ, ಅವಳಿಗೆ ನಟನೆ ಅಂದರೆ ಪ್ರಾಣ. ಕಲ್ಯಾಣ ಮಂಟಪದ ಹೊರಗೆ ಬೆಳಗ್ಗೆಯೇ ಕ್ಯೂ. ಮಕ್ಕಳ ಎದೆ ಮೇಲೆ ನಂಬರ್ ಚೀಟಿ. ಬಿಸಿಲಿಗೆ ಮೇಕಪ್ ಕರಗಿ ಕೆನ್ನೆ ಮೇಲೆ ಇಳಿಯುತ್ತಿತ್ತು. ತಾಯಂದಿರು ಕರವಸ್ತ್ರದಲ್ಲಿ ಒತ್ತಿ ಒತ್ತಿ ಸರಿ ಮಾಡುತ್ತಿದ್ದರು. ನಮ್ಮ ಹುಡುಗಿಗೆ ಅವಳ ಸ್ಕೂಲಿನ ಟೀಚರು ಮರಿ ಕಳೆದುಕೊಂಡ ಕೋಳಿಯ ಏಕಪಾತ್ರಾಭಿನಯ ಕಲಿಸಿದ್ದರು. ಕತ್ತು ಕೊಂಕಿಸಿ, ನೆಲ ಕೆದಕಿ, ಬೇಲಿ ಸಂದಿಯಲ್ಲಿ ಇಣುಕಿ ನೋಡುವುದನ್ನು ಚೆನ್ನಾಗಿ ಮಾಡುತ್ತಿದ್ದಳು. ಒಳಗೆ ಹೋದ ಮೇಲೆ ಶುರು ಮಾಡಿದಳು ಅಷ್ಟೇ. ಮೇಜಿನ ಹಿಂದೆ ಕೂತಿದ್ದವರು ತಡೆದರು. "ಇದೆಲ್ಲ ಬೇಡ ಪುಟ್ಟಾ. ಗಂಡ ಕುಡಿದು ಬಂದಿದ್ದಾನೆ ಅಂದ್ಕೋ. ಹೆಂಡ್ತಿ ಹೇಗೆ ಬೈತಾಳೆ? ಮಾಡಿ ತೋರ್ಸು." ಅವಳು ತಾಯಿಯ ಮುಖ ನೋಡಿದಳು. "ನಂಗೆ ಬರಲ್ಲ ಸರ್" ಅಂದಳು. "ಸರಿ, ನೆಕ್ಸ್ಟ್." ಅವಳ ಹಿಂದೆ ಇದ್ದ ಹುಡುಗ ಒಳಗೆ ಬಂದವನೇ ಅಂಗಿಯ ಗುಂಡಿ ಬಿಚ್ಚಿ ತೂರಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ ಮುಂದಿನ ರೌಂಡಿನ ಚೀಟಿ ಸಿಕ್ಕಿತು.

ನಮ್ಮ ಹುಡುಗಿಗೆ ಸಿಗಲಿಲ್ಲ ಅಂತ ನಾನು ದೂರುತ್ತಿಲ್ಲ. ಆ ಹುಡುಗನಲ್ಲೂ ಪ್ರತಿಭೆ ಇತ್ತು. ಆದರೆ ಆ ದಿನ ಆ ಮಂಟಪದಲ್ಲಿದ್ದ ಅಷ್ಟೂ ಮಕ್ಕಳು ಒಂದು ವಿಷಯ ಕಲಿತು ಮನೆಗೆ ಹೋದರು. ಟಿವಿಗೆ ಬೇಕಾಗಿರುವುದು ಕೋಳಿಮರಿ ಅಲ್ಲ, ಕುಡುಕ.

ಈ ಬಗ್ಗೆ ಹೇಳಿದವರಲ್ಲಿ ನಾನೇ ಮೊದಲಿಗಳಲ್ಲ. 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಲ್ಲ ಖಾಸಗಿ ಚಾನೆಲ್‌ಗಳಿಗೂ ಸಲಹೆ ಕಳಿಸಿತ್ತು. ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಮಕ್ಕಳ ವಯಸ್ಸಿಗೆ ಒಗ್ಗದ, ಅಸಭ್ಯ ಅನಿಸುವ ಹೆಜ್ಜೆಗಳನ್ನು ಮಾಡಿಸಬೇಡಿ ಎಂದು ಅದರಲ್ಲಿತ್ತು. ದುಡಿಯುವ ಮಕ್ಕಳ ರಕ್ಷಣೆಗೆ ಇರುವ ಬಾಲಕಾರ್ಮಿಕ ಕಾಯ್ದೆ ಬಾಲ ಕಲಾವಿದರಿಗೂ ಅನ್ವಯಿಸುತ್ತದೆ. 2017ರಲ್ಲಿ ತಿದ್ದುಪಡಿಯಾದ ಅದರ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ, 3 ಗಂಟೆಗೊಮ್ಮೆ ಬಿಡುವು ಕೊಡಲೇಬೇಕು. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಮಗುವಿನ ಸಂಪಾದನೆಯಲ್ಲಿ ಕಡೇಪಕ್ಷ 20% ಹಣವನ್ನು ಅದರ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಜಿಲ್ಲಾಧಿಕಾರಿಗಳ ಅನುಮತಿ ಬೇಕು. ನೀವು ಇದನ್ನೆಲ್ಲ ಪಾಲಿಸುತ್ತಿರಬಹುದು. ಪಾಲಿಸುತ್ತಿದ್ದರೆ ನೋಡುವ ನಮಗೂ ಹೇಳಿ. ಪ್ರತಿ ಸಂಚಿಕೆಯ ಕೊನೆಗೆ, ಓದಲು ಆಗುವಷ್ಟು ಹೊತ್ತು, ಕನ್ನಡದಲ್ಲಿ ತೋರಿಸಿ.

ಮುಂದಿನದು ಜಾಹೀರಾತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಚಿಪ್ಸ್, ಗ್ಯಾಸ್ ತುಂಬಿದ ತಂಪು ಪಾನೀಯ ಮುಂತಾದ ಜಂಕ್ ಫುಡ್ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ನಡುವೆ ಅಥವಾ ಮಕ್ಕಳಿಗೆಂದೇ ಇರುವ ಚಾನೆಲ್‌ನಲ್ಲಿ ಹಾಕುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮಕ್ಕಳ ರಿಯಾಲಿಟಿ ಶೋ ಮಧ್ಯೆ ಇಂಥ ಜಾಹೀರಾತು ಬಂದಾಗಲೆಲ್ಲ ನನ್ನ ತಲೆಗೆ ಬರುವುದು ಒಂದೇ ಪ್ರಶ್ನೆ. ಇದು ಮಕ್ಕಳ ಕಾರ್ಯಕ್ರಮ ಅಲ್ಲ, ಇಡೀ ಕುಟುಂಬದ್ದು ಎಂದು ನೀವು ಹೇಳಬಹುದು. ಹೆಸರಲ್ಲಿ ಮಕ್ಕಳು, ವೇದಿಕೆ ಮೇಲೆ ಮಕ್ಕಳು, ಪ್ರೋಮೊದಲ್ಲಿ ಮಕ್ಕಳು. ಜಾಹೀರಾತಿನ ಲೆಕ್ಕಕ್ಕೆ ಬಂದಾಗ ಮಾತ್ರ ಅದು ಮಕ್ಕಳದ್ದಲ್ಲವೇ?

ಜಾಹೀರಾತಿಗಿಂತ ನನ್ನನ್ನು ಹೆದರಿಸಿದ್ದು ಪ್ರೋಮೊಗಳು. ಒಂದು ಭಾನುವಾರ ಮಧ್ಯಾಹ್ನ ಮಕ್ಕಳ ಶೋ ಮರುಪ್ರಸಾರ ಆಗುತ್ತಿತ್ತು. ಬ್ರೇಕ್‌ನಲ್ಲಿ ಹೊಸ ಧಾರಾವಾಹಿಯೊಂದರ ತುಣುಕು ಬಂತು. ಹೆಂಗಸೊಬ್ಬಳು ಮಲಗಿದ್ದವಳ ಮುಖಕ್ಕೆ ದಿಂಬು ಒತ್ತಿ ಹಿಡಿದಿದ್ದಾಳೆ. ಒದ್ದಾಡುವ ಕಾಲು. ಮಂಚದ ಅಂಚಿಗೆ ಬಡಿದು ಒಡೆಯುವ ಬಳೆ. ಪ್ರತಿ ಬ್ರೇಕ್‌ನಲ್ಲೂ ಅದೇ. ಮೂರನೇ ಸಲಕ್ಕೆ ಮಗ ಕೇಳಿದ, "ಅಮ್ಮಾ, ದಿಂಬು ಇಟ್ರೆ ಸತ್ತೋಗ್ತಾರಾ?" ನಾನು ಟಿವಿ ಆರಿಸಿದೆ. ಆದರೆ ಅವನು ನೋಡಿ ಆಗಿತ್ತು. ಆ ರಾತ್ರಿ ತನ್ನ ದಿಂಬನ್ನು ಮಂಚದಿಂದ ಕೆಳಗೆ ಎಸೆದ. ನಂದನ್ನೂ ತೆಗೆಸಿದ. ಅಕ್ಕನ ದಿಂಬನ್ನೂ ಬಿಡಲಿಲ್ಲ. ಈಗಲೂ ಅವನು ದಿಂಬು ಇಲ್ಲದೆ ಮಲಗುತ್ತಾನೆ.

ಧಾರಾವಾಹಿ ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ನೋಡಿ ನಾವು ಚಾನೆಲ್ ಬದಲಾಯಿಸಬಹುದು. ಪ್ರೋಮೊಗೆ ಹೊತ್ತು ಗೊತ್ತು ಎಲ್ಲಿದೆ? ಕೇಬಲ್ ಟಿವಿಗೆ 1994ರ ನಿಯಮಗಳಿವೆ. ಅದರ 6ನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಮಕ್ಕಳಿಗೆ ತಕ್ಕುದಲ್ಲದ್ದನ್ನು ಅತಿ ಹೆಚ್ಚು ಮಕ್ಕಳು ಟಿವಿ ನೋಡುವ ಹೊತ್ತಿನಲ್ಲಿ ಹಾಕಬಾರದು ಎಂದು ಅಲ್ಲೇ ಬರೆದಿದೆ. ಭಾನುವಾರ ಮಧ್ಯಾಹ್ನ, ಅದೂ ಮಕ್ಕಳ ಶೋ ನಡುವೆ. ಇದಕ್ಕಿಂತ ಹೆಚ್ಚು ಮಕ್ಕಳು ನೋಡುವ ಹೊತ್ತು ಬೇರೆ ಯಾವುದಿದೆ?

ದೂರು ಕೊಡಬೇಕಿತ್ತಲ್ವಾ ಎಂದು ನೀವು ಕೇಳಬಹುದು. ಕೊಟ್ಟೆ. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲಿನಿಂದ ಇಮೇಲ್ ವಿಳಾಸ ಬರೆದುಕೊಳ್ಳುವುದೇ ಒಂದು ಸಾಹಸ. ಅದು ಅಷ್ಟು ಬೇಗ ಓಡುತ್ತದೆ. ಮಗಳು ಅರ್ಧ, ನಾನು ಅರ್ಧ ಬರೆದುಕೊಂಡೆವು. ದಿನಾಂಕ, ಸಮಯ, ನೋಡಿದ್ದು ಎಲ್ಲವನ್ನೂ ಕನ್ನಡದಲ್ಲಿ ವಿವರವಾಗಿ ಬರೆದೆ. ಉತ್ತರ ಇಂಗ್ಲಿಷ್‌ನಲ್ಲಿ ಬಂತು. ನಿಮ್ಮ ಅಭಿಪ್ರಾಯವನ್ನು ಸಂಬಂಧಪಟ್ಟ ತಂಡಕ್ಕೆ ತಿಳಿಸಿದ್ದೇವೆ ಎಂದಿತ್ತು. ಅಲ್ಲಿಗೆ ಮುಗಿಯಿತು. 2021ರ ಜೂನ್‌ನಲ್ಲಿ ಕೇಬಲ್ ನಿಯಮಗಳಿಗೆ ತಿದ್ದುಪಡಿ ಆಗಿದೆ. ದೂರು ತಲುಪಿದ್ದನ್ನು ಚಾನೆಲ್ 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದಿದ್ದರೆ ಚಾನೆಲ್‌ಗಳೇ ಮಾಡಿಕೊಂಡಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು, ಅದಾದ ಮೇಲೆ ಕೇಂದ್ರ ಸರ್ಕಾರಕ್ಕೆ. ಕಾಗದದ ಮೇಲೆ ಒಳ್ಳೆಯ ವ್ಯವಸ್ಥೆ. ಆದರೆ ಕನ್ನಡದಲ್ಲಿ ಮಾತ್ರ ಓದುವ ನಮ್ಮ ಅತ್ತೆಯವರು, ಕನ್ನಡ ಚಾನೆಲ್ ಬಗ್ಗೆ, ಕನ್ನಡದಲ್ಲಿ ದೂರು ಕೊಟ್ಟು ಕನ್ನಡದಲ್ಲಿ ಉತ್ತರ ಪಡೆಯುವ ದಾರಿ ಇಲ್ಲದಿದ್ದರೆ ಅದು ಯಾರಿಗಾಗಿ ಮಾಡಿದ ವ್ಯವಸ್ಥೆ?

ಮಕ್ಕಳಿಗೆ ಬೇರೆ ಕಾರ್ಟೂನ್ ಚಾನೆಲ್‌ಗಳಿವೆಯಲ್ಲ ಎಂಬ ಉತ್ತರವನ್ನೂ ಕೇಳಿದ್ದೇನೆ. ನಿಜ, 2009ರಲ್ಲಿ ಚಿಂಟು ಟಿವಿ ಬಂದಾಗ ಕನ್ನಡದ ಮಕ್ಕಳಿಗೆ ಮೊದಲ ಸಲ ಕಾರ್ಟೂನುಗಳು ತಮ್ಮ ಮಾತಿನಲ್ಲಿ ಸಿಕ್ಕವು. ಈಗ ಬೇರೆ ಕೆಲವು ಚಾನೆಲ್‌ಗಳೂ ಕನ್ನಡದ ದನಿ ಕೊಡುತ್ತಿವೆ. ಅದರಿಂದ ಉಪಕಾರವೇ ಆಗಿದೆ, ಡಬ್ಬಿಂಗ್ ಬಗ್ಗೆ ನನಗೆ ಸಿಟ್ಟಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ಮ ಓಣಿಯ ಹುಡುಗರೆಲ್ಲ ಪೊರಕೆ ಕಡ್ಡಿಯಲ್ಲಿ ಬಿಲ್ಲು ಮಾಡಿಕೊಂಡಿದ್ದರು. ಕನ್ನಡದಲ್ಲಿ ಕೊಟ್ಟರೆ ಮಕ್ಕಳು ನೋಡುತ್ತಾರೆ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಕಾರ್ಟೂನುಗಳಲ್ಲಿ ಕಾಣುವ ಊರು ನಮ್ಮದಲ್ಲ, ಸ್ಕೂಲು ನಮ್ಮದಲ್ಲ, ಹಬ್ಬ ನಮ್ಮದಲ್ಲ. ಕೇಳುವ ಕನ್ನಡವೂ ಒಂದೇ ಅಚ್ಚಿನದು. ಹುಬ್ಬಳ್ಳಿಯ, ಮಂಗಳೂರಿನ, ಕಲಬುರಗಿಯ, ಚಾಮರಾಜನಗರದ ಮಗುವಿನ ಮಾತು ಅಲ್ಲಿ ಕೇಳಿಸುವುದೇ ಇಲ್ಲ. ಕಾರ ಹುಣ್ಣಿಮೆಯ ಎತ್ತು, ಗೋಕಾಕದ ಜಲಪಾತ, ಕೊಕ್ಕರೆ ಬೆಳ್ಳೂರಿನ ಹಕ್ಕಿ, ಚನ್ನಪಟ್ಟಣದ ಮರದ ಗೊಂಬೆ, ಇವನ್ನೆಲ್ಲ ಮಕ್ಕಳಿಗೆ ಕತೆಯಾಗಿ ತೋರಿಸುವ ಕೆಲಸ ಬೇರೆ ಯಾವ ಭಾಷೆಯವರೂ ಮಾಡಿಕೊಡುವುದಿಲ್ಲ.

ಮಕ್ಕಳ ಕಾರ್ಯಕ್ರಮಕ್ಕೆ ಟಿಆರ್‌ಪಿ ಬರಲ್ಲ ಎಂಬುದು ನಿಮ್ಮ ಕೊನೆಯ ಮಾತು. ಈ ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ 2 ವರ್ಷ ದಾಟಿದ ಮಗುವನ್ನೂ ಪ್ರೇಕ್ಷಕ ಎಂದೇ ಎಣಿಸುತ್ತದೆ. ಅಜ್ಜಿಯ ಪಕ್ಕ ಕೂತು ನಿಮ್ಮ ಧಾರಾವಾಹಿ ನೋಡುವ ಮೊಮ್ಮಕ್ಕಳೂ ಆ ಸಂಖ್ಯೆಯಲ್ಲಿ ಸೇರುತ್ತಾರೆ. ಆ ಸಂಖ್ಯೆ ತೋರಿಸಿಯೇ ಜಾಹೀರಾತಿನ ದರ ಮಾತಾಡುತ್ತೀರಿ. ಎಣಿಸುವಾಗ ಇರುವ ಮಕ್ಕಳು ಕಾರ್ಯಕ್ರಮ ಮಾಡುವಾಗ ಎಲ್ಲಿ ಹೋಗುತ್ತಾರೆ?

ಮಕ್ಕಳೆಲ್ಲ ಮೊಬೈಲ್‌ಗೆ ಹೋಗಿದ್ದಾರೆ ಅನ್ನುವುದೂ ಪೂರ್ತಿ ನಿಜವಲ್ಲ. ಟಿವಿಯಲ್ಲಿ ತಮ್ಮದೇನೂ ಇಲ್ಲದ್ದಕ್ಕೇ ಎಷ್ಟೋ ಮಕ್ಕಳು ಮೊಬೈಲ್ ಕೇಳುತ್ತಾರೆ. ಮೊಬೈಲ್ ಹಿಡಿದ ಮಗು ಒಂದು ಮೂಲೆಗೆ ಹೋಗಿಬಿಡುತ್ತದೆ, ಮುಂದೆ ಯಾವ ವಿಡಿಯೊ ಬರುತ್ತದೆ ಎಂದು ನಮಗೆ ಗೊತ್ತಾಗುವುದಿಲ್ಲ. ಟಿವಿ ಇರುವುದು ಹಾಲ್‌ನಲ್ಲಿ. ಅಲ್ಲಿ ಅಜ್ಜಿ ಇರುತ್ತಾರೆ, ನಾವು ಓಡಾಡುತ್ತಿರುತ್ತೇವೆ, ಮಗು ಕೇಳಿದ್ದಕ್ಕೆ ಯಾರಾದರೂ ಉತ್ತರ ಹೇಳುತ್ತಾರೆ. ಭಾರತೀಯ ಮಕ್ಕಳ ವೈದ್ಯರ ಸಂಘವು 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಿ ಯಾವ ಪರದೆಯೂ ಬೇಡ ಎಂದು ಹೇಳುತ್ತದೆ. ನಾನು ಕೇಳುತ್ತಿರುವುದು ಅದರಲ್ಲಿ ಅರ್ಧ ಮಾತ್ರ, ದಿನಾ ಅರ್ಧ ಗಂಟೆ ಮಕ್ಕಳಿಗೆಂದೇ ಮಾಡಿದ ಕನ್ನಡದ ಕಾರ್ಯಕ್ರಮ. ಆ ಅರ್ಧ ಗಂಟೆ ಚೆನ್ನಾಗಿರಲಿ.

ಚಂದನದ ಅಧಿಕಾರಿಗಳೇ, ಈ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಆಸೆ ಜಾಸ್ತಿ. 'ಥಟ್ ಅಂತ ಹೇಳಿ' ನಿಮ್ಮದೇ. 2002ರಿಂದ ಡಾ. ನಾ. ಸೋಮೇಶ್ವರ ಅವರು ಕೂಗಾಟವಿಲ್ಲದೆ, ಕಣ್ಣೀರಿಲ್ಲದೆ, ಬರೀ ಪ್ರಶ್ನೆ ಕೇಳಿ, ಸರಿ ಉತ್ತರಕ್ಕೆ ಪುಸ್ತಕ ಕೊಟ್ಟು ಸಾವಿರಾರು ಸಂಚಿಕೆ ನಡೆಸಿದ್ದಾರೆ. ನಾನು ಅದನ್ನು ನೋಡುತ್ತಾ ಬೆಳೆದೆ. ಈಗ ಮಗಳಿಗೂ ತೋರಿಸುತ್ತೇನೆ. ಕೊರೊನಾ ಕಾಲದಲ್ಲಿ ಸ್ಕೂಲು ಮುಚ್ಚಿದಾಗ, ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಪಾಠ ಮುಟ್ಟಿಸಿದ್ದು ಚಂದನದಲ್ಲಿ ಬಂದ ಸೇತುಬಂಧ ಮತ್ತು ಸಂವೇದ. 1986ರ ಹೊತ್ತಿಗೆ ಶಂಕರ್ ನಾಗ್ ಅವರು ಆಗುಂಬೆಯ ಬೀದಿಗಳಲ್ಲಿ ಚಿತ್ರಿಸಿದ ಮಾಲ್ಗುಡಿ ಡೇಸ್ ದೂರದರ್ಶನದಲ್ಲಿ ಬಂದು ಇಡೀ ದೇಶ ಸ್ವಾಮಿ ಎಂಬ ಪುಟ್ಟ ಹುಡುಗನನ್ನು ಮನೆಮಗನ ಹಾಗೆ ನೋಡಿತು. ಇದು ನಮ್ಮ ನೆಲದಲ್ಲಿ, ನಮ್ಮವರೇ ಮಾಡಿ ತೋರಿಸಿದ್ದು. ತಿಂಗಳ ಚಂದಾ ಕಟ್ಟಲಾಗದೆ ಫ್ರೀ ಡಿಶ್ ಹಾಕಿಸಿಕೊಂಡ ಮನೆಗೂ ಚಂದನ ತಲುಪುತ್ತದೆ. ಹಾಗಿರುವಾಗ ದಿನಾ ಸಂಜೆ ಅರ್ಧ ಗಂಟೆ ಮಕ್ಕಳಿಗೆ ಎತ್ತಿಡಲು ಆಗದೇ?

ಕೆಲಸ ಮಾಡುವ ಜನ ಎಲ್ಲಿ ಸಿಗುತ್ತಾರೆ ಎಂದು ಹುಡುಕಬೇಕಾಗಿಲ್ಲ. ಮೈಸೂರಿನ ರಂಗಾಯಣ ಬೇಸಿಗೆ ರಜೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. ಸಾಲಿಗ್ರಾಮದ ಮಕ್ಕಳ ಮೇಳದಲ್ಲಿ ದಶಕಗಳಿಂದ ಮಕ್ಕಳೇ ಗೆಜ್ಜೆ ಕಟ್ಟಿ ಯಕ್ಷಗಾನ ಆಡುತ್ತಿದ್ದಾರೆ. ಮಕ್ಕಳ ನಾಟಕ ಬರೆಯುವವರು, ಕತೆ ಹೇಳುವವರು, ಗೊಂಬೆಯಾಟದವರು, ವಿಜ್ಞಾನವನ್ನು ಅಡುಗೆಮನೆಯ ಸಾಮಾನಿನಲ್ಲೇ ತೋರಿಸುವ ಮೇಷ್ಟ್ರುಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನಮ್ಮ ತಂಗಿ ಮಗಳಿಗೆ ಕೋಳಿ ಆಗುವುದನ್ನು ಕಲಿಸಿದ ಟೀಚರು ಅವರಲ್ಲಿ ಒಬ್ಬರು. ಇವರನ್ನು ಕರೆಸಿ.

ಖಾಸಗಿ ಚಾನೆಲ್‌ನವರಿಗೂ ನನ್ನ ಮೊದಲ ಬೇಡಿಕೆ ಈ ಅರ್ಧ ಗಂಟೆಯೇ. ಅದು ಸಂಜೆ ಐದೂವರೆಯಿಂದ ಆರೂವರೆಯೊಳಗೆ ಇರಲಿ. ಭಾನುವಾರ ಬೆಳಗ್ಗೆ ಯಾರೂ ಏಳದ ಹೊತ್ತಿಗೆ ಹಾಕಿ ಲೆಕ್ಕ ಒಪ್ಪಿಸಬೇಡಿ. ಇದಕ್ಕೆ ಹೊಸ ಕಾನೂನು ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. ವಾರ್ತಾ ಮತ್ತು ಪ್ರಸಾರ ಸಚಿವಾಲಯದ 2022ರ ನವೆಂಬರ್‌ನ ಮಾರ್ಗಸೂಚಿಯ ಪ್ರಕಾರ ಚಾನೆಲ್‌ಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಕೊಡಬೇಕು. ಅದರ ವಿಷಯಗಳಲ್ಲಿ ಶಿಕ್ಷಣ, ವಿಜ್ಞಾನ, ಆರೋಗ್ಯ, ಪರಿಸರ, ಸಂಸ್ಕೃತಿ ಎಲ್ಲ ಇವೆ. ಮಕ್ಕಳು ಎಂಬ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದಿರುವುದು ಬೇಸರದ ಸಂಗತಿ, ಸಚಿವಾಲಯ ಅದನ್ನು ಸೇರಿಸಬೇಕು. ಅಲ್ಲಿಯವರೆಗೂ ಅದೇ ವಿಷಯಗಳನ್ನು ಮಕ್ಕಳಿಗಾಗಿ ಮಾಡಬೇಡಿ ಎಂದು ನಿಮ್ಮನ್ನು ಯಾರೂ ತಡೆದಿಲ್ಲ. ಅಮೆರಿಕದಲ್ಲಿ 1990ರಲ್ಲೇ ಮಕ್ಕಳ ಟಿವಿಗೆಂದು ಕಾಯ್ದೆ ಬಂದು, ಅಲ್ಲಿನ ಚಾನೆಲ್‌ಗಳು ಮಕ್ಕಳ ಕಲಿಕೆಗೆ ಸಮಯ ಕೊಡಲೇಬೇಕಾಯಿತು. ನಾವು ಇಲ್ಲಿ ಕೈಮುಗಿದು ಕೇಳುತ್ತಿದ್ದೇವೆ.

ರಿಯಾಲಿಟಿ ಶೋ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಮಗುವಿನ ಬಾಯಿಗೆ ಬರುವ ಪ್ರತಿ ಮಾತನ್ನೂ ಮಕ್ಕಳನ್ನು ಬಲ್ಲ ಒಬ್ಬರು, ಟೀಚರೋ ಮಕ್ಕಳ ಮನೋವೈದ್ಯರೋ, ಮೊದಲೇ ಓದಿ ಒಪ್ಪಲಿ. ಮಗು ಅಳುವಾಗ ಕ್ಯಾಮೆರಾ ಬೇರೆ ಕಡೆ ತಿರುಗಲಿ. ಕೊಲೆ, ವಿಷ, ದಿಂಬಿನ ಪ್ರೋಮೊಗಳು ರಾತ್ರಿ ಮಕ್ಕಳು ಮಲಗುವವರೆಗೂ ಬೇಡ. ಜಂಕ್ ಫುಡ್ ಜಾಹೀರಾತಿನ ಲೆಕ್ಕದಲ್ಲಿ ಮಕ್ಕಳ ಶೋವನ್ನು ಮಕ್ಕಳ ಶೋ ಎಂದೇ ಒಪ್ಪಿಕೊಳ್ಳಿ. ದೂರಿಗೆ ಒಂದು ಕನ್ನಡದ ಪುಟ, ಒಂದು ವಾಟ್ಸಾಪ್ ನಂಬರ್ ಕೊಡಿ. ಪರದೆ ಮೇಲೆ ಅದು ಸಾವಕಾಶವಾಗಿ ಓಡಲಿ.

ಈ ಪತ್ರದ ಪ್ರತಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳಿಸುತ್ತಿದ್ದೇನೆ. ನಿಮ್ಮಿಂದ ಉತ್ತರ ನಿರೀಕ್ಷಿಸುತ್ತೇನೆ. ದಯವಿಟ್ಟು ಕನ್ನಡದಲ್ಲಿ ಬರೆಯಿರಿ, ಮನೆಯಲ್ಲಿ ಅತ್ತೆಯವರೂ ಮಗಳೂ ಓದುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಎರಡು ಮಕ್ಕಳ ತಾಯಿ
ದಾವಣಗೆರೆ